ಮನೆಗೊಂದು ರಿಪೇರಿ ಪೆಟ್ಟಿಗೆ: ಏನು ಕೊಳ್ಳಬೇಕು, ಹೇಗೆ ಬಳಸಬೇಕು

ರಾತ್ರಿ ಒಂಬತ್ತೂವರೆ ಇರಬೇಕು. ಅಡುಗೆಮನೆ ಸಿಂಕಿನ ಕೆಳಗೆ ಕನೆಕ್ಷನ್ ಪೈಪ್‌ನ ನಟ್ಟು ಸಡಿಲಾಗಿ ನೀರು ಚಿಮ್ಮಲು ಶುರುವಾಯಿತು. ಬಟ್ಟೆ ಒತ್ತಿ ಹಿಡಿದರೆ ಬಟ್ಟೆಯ ಸುತ್ತ ಸೋರಿತು, ಬಕೆಟ್ ಇಟ್ಟರೆ ಬಕೆಟ್ ತುಂಬಿತು. ನಟ್ಟನ್ನು ಕೈಯಲ್ಲಿ ತಿರುಗಿಸಲು ನೋಡಿದೆ, ಜಗ್ಗಲಿಲ್ಲ. ಮನೆಯಲ್ಲಿ ಸ್ಪ್ಯಾನರ್ ಇರಲಿಲ್ಲ. ನೀರು ನಿಲ್ಲಿಸುವ ವಾಲ್ವ್ ಎಲ್ಲಿದೆ ಅಂತ ಗೊತ್ತಿರಲಿಲ್ಲ. ಕೊನೆಗೆ ಕೆಳಗಿನ ಮನೆಯ ಅಂಕಲ್ ಬಂದರು. ಟೆರೇಸಿಗೆ ಹೋಗಿ ವಾಲ್ವ್ ನಿಲ್ಲಿಸಿದರು, ತಮ್ಮ ಹಳೇ ಸ್ಕ್ರೂ ಸ್ಪ್ಯಾನರ್ ಹಾಕಿ ನಟ್ಟನ್ನು ಅರ್ಧ ಸುತ್ತು ಬಿಗಿ ಮಾಡಿದರು. ಐದು ನಿಮಿಷದ ಕೆಲಸ. "ಇದೊಂದು ಮನೇಲಿ ಇರ್ಬೇಕಪ್ಪ" ಅಂದು ಹೋದರು.

ಆಗ ನಮ್ಮ ಮನೆಯಲ್ಲಿ ಉಪಕರಣಗಳೇ ಇರಲಿಲ್ಲ ಅಂತಲ್ಲ. ಆಫರ್‌ನಲ್ಲಿ ಕೊಂಡ ನೂರು ಪೀಸಿನ ಒಂದು ಸೆಟ್ ಇತ್ತು. ಅದರಲ್ಲಿ ಎಪ್ಪತ್ತಕ್ಕೂ ಜಾಸ್ತಿ ಸಣ್ಣ ಬಿಟ್‌ಗಳು. ಸ್ಕ್ರೂ ಡ್ರೈವರ್ ಒಂದಿತ್ತು, ಬಾಗಿಲಿನ ಕೀಲಿನ ಮೊದಲ ಸ್ಕ್ರೂಗೇ ಅದರ ತುದಿ ತಿರುಚಿಹೋಗಿತ್ತು. ಬೇಕಾದ ಸ್ಪ್ಯಾನರ್ ಮಾತ್ರ ಅದರಲ್ಲಿ ಇರಲಿಲ್ಲ.

ಹಾಗಾಗಿ ಈ ಬರಹದಲ್ಲಿ ನಾನು ಒತ್ತಿ ಹೇಳುವುದು ಇದನ್ನೇ. ಸೆಟ್ ಕೊಳ್ಳಬೇಡಿ. ನಿಮ್ಮ ಮನೆಯಲ್ಲಿ ಏನು ಕೆಡುತ್ತದೆ ಅಂತ ಮೊದಲು ನೋಡಿ, ಅದಕ್ಕೆ ಬೇಕಾದ ಹತ್ತು ಹನ್ನೆರಡು ಸಾಮಾನುಗಳನ್ನು ಒಳ್ಳೆಯದಾಗಿಯೇ ಒಂದೊಂದಾಗಿ ಕೊಳ್ಳಿ.

ಮೊದಲ ಹೆಜ್ಜೆ: ಅಂಗಡಿಗೆ ಹೋಗುವ ಮುಂಚೆ ಮನೆ ಸುತ್ತಿ

ಒಂದು ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ಇದಕ್ಕೆ ಇಡಿ. ಕೈಯಲ್ಲಿ ಒಂದು ಪುಸ್ತಕ, ಪೆನ್ನು, ಮಾರ್ಕರ್ ಇರಲಿ.

ಮೊದಲು ನೀರು. ಟ್ಯಾಂಕಿನಿಂದ ಇಳಿಯುವ ಪೈಪಿಗೆ ಎಲ್ಲೆಲ್ಲಿ ವಾಲ್ವ್ ಇದೆ ನೋಡಿ. ಒಂದೊಂದನ್ನೇ ನಿಲ್ಲಿಸಿ, ಯಾವ ನಲ್ಲಿಯಲ್ಲಿ ನೀರು ನಿಂತಿತು ಅಂತ ಕೆಳಗಿನಿಂದ ಯಾರಾದರೂ ಕೂಗಿ ಹೇಳಲಿ. 'ಅಡುಗೆಮನೆ', 'ಬಚ್ಚಲು' ಅಂತ ಪೈಪಿನ ಮೇಲೆಯೇ ಬರೆಯಿರಿ. ವಾಲ್ವ್ ವರ್ಷಗಟ್ಟಲೆ ತಿರುಗಿಸದೇ ಇದ್ದರೆ ಹಿಡಿದುಕೊಂಡಿರುತ್ತದೆ. ಜೋರು ಮಾಡಿ ಮುರಿಯಬೇಡಿ, ಸ್ವಲ್ಪ ಹಿಂದಕ್ಕೆ, ಸ್ವಲ್ಪ ಮುಂದಕ್ಕೆ ಅಂತ ಆಡಿಸುತ್ತಾ ಬಿಡಿಸಿ. ಸಿಂಕ್ ಮತ್ತು ಕಮೋಡ್ ಪಕ್ಕದ ಆ್ಯಂಗಲ್ ಕಾಕ್‌ಗಳನ್ನೂ (ಗೋಡೆಯಿಂದ ಕನೆಕ್ಷನ್ ಪೈಪ್ ಶುರುವಾಗುವಲ್ಲಿ ಇರುವ ಪುಟ್ಟ ವಾಲ್ವ್) ಹೀಗೇ ಪರೀಕ್ಷಿಸಿ.

ಆಮೇಲೆ ಕರೆಂಟು. ಎಂಸಿಬಿ ಬಾಕ್ಸ್ ತೆಗೆದು ಒಂದೊಂದೇ ಸ್ವಿಚ್ ಇಳಿಸಿ, ಯಾವ ರೂಮಿನ ದೀಪ ಆರಿತು ನೋಡಿ ಚೀಟಿ ಅಂಟಿಸಿ. ನಿಮ್ಮ ಮನೆಯಲ್ಲಿ ಯುಪಿಎಸ್ ಇದ್ದರೆ ಇಲ್ಲಿ ಇನ್ನೂ ಹುಷಾರಾಗಿರಬೇಕು. ಮೇನ್ ಇಳಿಸಿದರೂ ಯುಪಿಎಸ್ ಲೈನಿನಲ್ಲಿ ಕರೆಂಟು ಹರಿಯುತ್ತಲೇ ಇರುತ್ತದೆ. 'ಮೇನ್ ಆಫ್ ಮಾಡಿದೀನಿ' ಅಂದುಕೊಂಡು ಫ್ಯಾನಿನ ಸ್ವಿಚ್ಚಿಗೆ ಕೈ ಹಾಕಿದವರಿಗೆ ಶಾಕ್ ಹೊಡೆಯುವುದು ಹೀಗೆ. ಯುಪಿಎಸ್ ಲೈನಿಗೆ ಯಾವ ಯಾವ ಪಾಯಿಂಟ್ ಸೇರಿದೆ ಅಂತ ಬರೆದಿಡಿ.

ಕೊನೆಗೆ ಮನೆಯೆಲ್ಲ ಸುತ್ತಿ ಸಣ್ಣಪುಟ್ಟ ದೂರುಗಳನ್ನು ಬರೆದುಕೊಳ್ಳಿ. ತೊಟ್ಟಿಕ್ಕುವ ನಲ್ಲಿ, ಜಗ್ಗಿದ ಬಾಗಿಲು, ಸರಿಯಾಗಿ ಕೂರದ ಚಿಲಕ, ಅಲುಗಾಡುವ ಸಾಕೆಟ್, ಹಿಡಿ ಕಳಚಿದ ಕುಕ್ಕರ್. ನಿಮ್ಮ ಪೆಟ್ಟಿಗೆಯಲ್ಲಿ ಏನಿರಬೇಕು ಅಂತ ಈ ಪಟ್ಟಿಯೇ ಹೇಳುತ್ತದೆ.

ಎರಡನೇ ಹೆಜ್ಜೆ: ಕೈ ಉಪಕರಣಗಳು

ಬಡಾವಣೆಯ ಹಾರ್ಡ್‌ವೇರ್ ಅಂಗಡಿಯಲ್ಲೇ ಇವೆಲ್ಲ ಸಿಗುತ್ತವೆ. ಬೆಂಗಳೂರಿನವರಾದರೆ ಟೌನ್ ಹಾಲ್ ಹತ್ತಿರದ ಎಸ್‌ಜೆಪಿ ರಸ್ತೆಗೆ ಒಮ್ಮೆ ಹೋಗಿ ಬನ್ನಿ. ಸಾಲು ಸಾಲು ಟೂಲ್ಸ್ ಅಂಗಡಿಗಳಿವೆ, ಹತ್ತು ಬಗೆಯದನ್ನು ಕೈಯಲ್ಲಿ ಹಿಡಿದು ನೋಡಬಹುದು. ಉಪಕರಣವನ್ನು ಫೋಟೋ ನೋಡಿ ಕೊಳ್ಳುವುದಕ್ಕಿಂತ ಹಿಡಿದು ನೋಡಿ ಕೊಳ್ಳುವುದು ಯಾವಾಗಲೂ ಮೇಲು. ತೂಕ, ಹಿಡಿತ, ಬಾಯಿ ಸರಿಯಾಗಿ ಮುಚ್ಚುತ್ತದಾ ಅನ್ನುವುದು ಕೈಗೇ ತಿಳಿಯುತ್ತದೆ.

*ಸ್ಕ್ರೂ ಡ್ರೈವರ್.* ಕನಿಷ್ಠ ನಾಲ್ಕು ಬೇಕು: ಸ್ಟಾರ್ ಎರಡು, ಚಪ್ಪಟೆ ಎರಡು. ಸ್ಟಾರ್‌ನಲ್ಲಿ 2ನೇ ನಂಬರ್ ಅತಿ ಹೆಚ್ಚು ಬೇಕಾಗುವುದು. ಕೀಲು, ಸ್ವಿಚ್ ಬೋರ್ಡ್ ಪ್ಲೇಟ್, ಕಪಾಟು ಎಲ್ಲಕ್ಕೂ ಅದೇ. ಆಟಿಕೆ, ರಿಮೋಟ್‌ಗೆ 1 ಅಥವಾ 0 ನಂಬರ್ ಸಾಕು. ಸ್ಕ್ರೂ ಹಾಳಾಗುವುದು ಸಾಮಾನ್ಯವಾಗಿ ಬಲ ಕಡಿಮೆಯಾಗಿ ಅಲ್ಲ, ಡ್ರೈವರ್ ಸೈಜು ತಪ್ಪಾಗಿ. ಹೀಗೆ ನೋಡಿ: ತುದಿಯನ್ನು ಸ್ಕ್ರೂ ತಲೆಯೊಳಗೆ ಇಟ್ಟು ಸ್ವಲ್ಪ ಅಲ್ಲಾಡಿಸಿ. ಲಟಲಟ ಅಂದರೆ ಸೈಜು ಚಿಕ್ಕದು. ಗಟ್ಟಿಯಾಗಿ ಕೂತರೆ ಸರಿ. ಆಮೇಲೆ ತಿರುಗಿಸುವ ಬಲಕ್ಕಿಂತ ಒತ್ತುವ ಬಲ ಜಾಸ್ತಿ ಇರಲಿ, ಆಗ ತುದಿ ಜಾರುವುದಿಲ್ಲ.

*ಸ್ಕ್ರೂ ಸ್ಪ್ಯಾನರ್.* ನಟ್ಟಿನ ಅಳತೆಗೆ ತಕ್ಕಂತೆ ಬಾಯಿ ಹಿಗ್ಗಿಸಿ ಕುಗ್ಗಿಸಬಹುದಾದ ಸ್ಪ್ಯಾನರ್. ನನ್ನನ್ನು ಆ ರಾತ್ರಿ ಉಳಿಸಿದ್ದು ಇದೇ. 6, 8, 10, 12 ಇಂಚಿನಲ್ಲಿ ಸಿಗುತ್ತದೆ. ಈ ಇಂಚು ಅದರ ಉದ್ದ, ಬಾಯಿಯ ಅಗಲ ಅಲ್ಲ. ಮನೆಗೆ 10 ಇಂಚಿನದು ಸರಿ. ಅದರ ಬಾಯಿ ಸುಮಾರು 30 ಮಿ.ಮೀ. ತೆರೆಯುವುದರಿಂದ ಅರ್ಧ ಇಂಚಿನ ಪೈಪ್ ಕನೆಕ್ಷನ್‌ನ ನಟ್ಟು ಆರಾಮಾಗಿ ಹಿಡಿಸುತ್ತದೆ. ಅಂಗಡಿಯಲ್ಲಿ ಅರ್ಧ ಇಂಚಿಗೆ 'ನಾಲ್ಕು ಸೂತ' ಅನ್ನುವವರೂ ಇದ್ದಾರೆ. ಇಂಚಿನ ಎಂಟನೇ ಒಂದು ಭಾಗ ಒಂದು ಸೂತ. ಕೊಳ್ಳುವಾಗ ಬಾಯಿಯ ಸರಿಯುವ ತುಂಡನ್ನು ಅಲ್ಲಾಡಿಸಿ ನೋಡಿ, ಜಾಸ್ತಿ ಆಡಿದರೆ ಬೇಡ. ಬಳಸುವಾಗ ಬಾಯನ್ನು ನಟ್ಟಿಗೆ ಪೂರ್ತಿ ಬಿಗಿ ಮಾಡಿ. ತಿರುಗಿಸುವ ಬಲ ಸರಿಯುವ ತುಂಡಿನ ಮೇಲೆ ಬೀಳದೆ, ಅಲುಗದ ದವಡೆಯ ಮೇಲೆ ಬೀಳುವ ಹಾಗೆ ಹಿಡಿಯಿರಿ. ಉಲ್ಟಾ ಹಿಡಿದರೆ ಸ್ಪ್ಯಾನರ್ ಜಾರಿ ನಟ್ಟಿನ ಮೂಲೆಗಳು ಸವೆದು ದುಂಡಗಾಗುತ್ತವೆ. ದುಂಡಗಾದ ನಟ್ಟನ್ನು ಬಿಚ್ಚುವುದು ಬಹಳ ಕಷ್ಟ.

*ಕಟಿಂಗ್ ಪ್ಲೇಯರ್.* 8 ಇಂಚಿನದು. ಹಿಡಿಯುವುದಕ್ಕೆ, ಬಗ್ಗಿಸುವುದಕ್ಕೆ, ತಂತಿ ಕತ್ತರಿಸುವುದಕ್ಕೆ ಇದೊಂದೇ ಸಾಕು. ಬಾಯಿ ಮುಚ್ಚಿ ಬೆಳಕಿಗೆ ಹಿಡಿಯಿರಿ. ಕತ್ತರಿಸುವ ಅಂಚಿನ ಸಂದಿನಲ್ಲಿ ಬೆಳಕು ಕಂಡರೆ ಬೇರೆಯದು ಕೇಳಿ. ಇನ್ನೊಂದು ಮಾತು: ಹಿಡಿಗೆ ಬಣ್ಣದ ಪ್ಲಾಸ್ಟಿಕ್ ಇದ್ದ ಮಾತ್ರಕ್ಕೆ ಅದು ಶಾಕ್ ತಡೆಯುತ್ತದೆ ಅಂತ ತಿಳಿಯಬೇಡಿ. ಕರೆಂಟಿನ ಕೆಲಸಕ್ಕೆಂದೇ ಪರೀಕ್ಷೆ ಮಾಡಿದ್ದರ ಮೇಲೆ ಜೋಡಿ ತ್ರಿಕೋನದ ಗುರುತು, 1000 ವೋಲ್ಟ್ ಅಂತ ಅಚ್ಚು ಇರುತ್ತದೆ. ಅದಿದ್ದರೂ ಕರೆಂಟು ನಿಲ್ಲಿಸಿಯೇ ಕೆಲಸ ಮಾಡಿ.

*ಟೆಸ್ಟರ್.* ಅತಿ ಅಗ್ಗದ ಸಾಮಾನು, ಅತಿ ಹೆಚ್ಚು ತಪ್ಪಾಗಿ ಬಳಸುವ ಸಾಮಾನೂ ಇದೇ. ಅದರೊಳಗೆ ಒಂದು ಪುಟ್ಟ ನಿಯಾನ್ ದೀಪ ಮತ್ತು ಕರೆಂಟನ್ನು ತೀರಾ ಕಡಿಮೆ ಮಾಡುವ ಒಂದು ರೆಸಿಸ್ಟರ್ ಇರುತ್ತದೆ. ಹಿಂದಿನ ಲೋಹದ ತುದಿಯನ್ನು ನೀವು ಬೆರಳಿನಿಂದ ಮುಟ್ಟಿದಾಗ ನಿಮ್ಮ ಮೈ ಮೂಲಕ ಒಂದು ಚೂರು ಕರೆಂಟು ಹರಿದು ದೀಪ ಹೊತ್ತಿಕೊಳ್ಳುತ್ತದೆ. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್. ಆ ರೆಸಿಸ್ಟರ್ ಇರುವುದರಿಂದಲೇ ನಿಮಗೆ ಏನೂ ಆಗುವುದಿಲ್ಲ. ಆದರೆ ದಪ್ಪ ರಬ್ಬರ್ ಚಪ್ಪಲಿ ಹಾಕಿ ಒಣ ಸ್ಟೂಲಿನ ಮೇಲೆ ನಿಂತಿದ್ದರೆ ದೀಪ ಮಂಕಾಗಬಹುದು. ಹಗಲಿನ ಬೆಳಕಿನಲ್ಲಿ ಉರಿದರೂ ಕಾಣದಿರಬಹುದು. ಹಾಗಾಗಿ ಟೆಸ್ಟರ್ ಉರಿಯಲಿಲ್ಲ ಎಂದ ತಕ್ಷಣ ಕರೆಂಟಿಲ್ಲ ಅಂತ ನಂಬಬೇಡಿ. ಮೊದಲು ಕರೆಂಟು ಇದೆ ಅಂತ ಗೊತ್ತಿರುವ ಸಾಕೆಟ್‌ನಲ್ಲಿ ಟೆಸ್ಟರ್ ಹಾಕಿ ಉರಿಯುತ್ತದಾ ನೋಡಿ. ಆಮೇಲೆ ನೀವು ಕೆಲಸ ಮಾಡುವ ಜಾಗದಲ್ಲಿ ಹಾಕಿ. ಮತ್ತೆ ಹೋಗಿ ಮೊದಲಿನ ಸಾಕೆಟ್‌ನಲ್ಲಿ ಹಾಕಿ. ಮೂರೂ ಸಲ ಸರಿಯಾದ ಉತ್ತರ ಬಂದರೆ ಮಾತ್ರ ಕೈ ಇಡಿ. ಟೆಸ್ಟರನ್ನು ಸ್ಕ್ರೂ ಡ್ರೈವರ್ ಮಾಡಿಕೊಂಡು ಜೋರಾಗಿ ತಿರುಗಿಸಬೇಡಿ, ಅದರ ಮೈ ಬಿರುಕು ಬಿಡುತ್ತದೆ.

*ಅಳತೆ ಟೇಪು.* 5 ಮೀಟರಿನದು. ತುದಿಯ ಕೊಕ್ಕೆ ಸ್ವಲ್ಪ ಅಲುಗಾಡುತ್ತದೆ ಅಂತ ವಾಪಸ್ ಕೊಡಲು ಹೋಗಬೇಡಿ. ಅದು ಬೇಕೆಂದೇ ಹಾಗಿರುವುದು. ಕೊಕ್ಕೆಯ ದಪ್ಪ ಎಷ್ಟಿದೆಯೋ ಅಷ್ಟೇ ಅದು ಸರಿಯುತ್ತದೆ. ಹಲಗೆಯ ಅಂಚಿಗೆ ಸಿಕ್ಕಿಸಿ ಎಳೆದರೂ, ಗೋಡೆಗೆ ಒತ್ತಿ ಹಿಡಿದರೂ ಅಳತೆ ಒಂದೇ ಬರಲಿ ಅಂತ ಆ ಏರ್ಪಾಡು.

ಸುತ್ತಿಗೆ ಅರ್ಧ ಕಿಲೋ ಆಸುಪಾಸಿನದು ಸಾಕು, ಮೊಳೆ ಕೀಳುವ ಕೊಂಬು ಇದ್ದರೆ ಒಳ್ಳೆಯದು. ಹ್ಯಾಕ್ಸಾ ಫ್ರೇಮ್ ಒಂದು, ಬ್ಲೇಡು ಎರಡು. ಹಲ್ಲುಗಳು ಮುಂದಕ್ಕೆ ನೋಡುವಂತೆ ಬ್ಲೇಡು ಹಾಕಬೇಕು, ಮುಂದಕ್ಕೆ ತಳ್ಳುವಾಗ ಕೊಯ್ಯಲಿ ಅಂತ. ಅಲೆನ್ ಕೀ (ಆರು ಮೂಲೆಯ ಗುಳಿ ಇರುವ ಸ್ಕ್ರೂ ತಿರುಗಿಸುವ ಬಾಗಿದ ಕಡ್ಡಿ) ಸೆಟ್ ಒಂದು, ಬ್ಲೇಡು ಬದಲಾಯಿಸುವ ಕಟರ್ ಒಂದು, ಪುಟ್ಟ ರಸಮಟ್ಟ ಒಂದು. ತಲೆಗೆ ಕಟ್ಟುವ ಟಾರ್ಚ್ ಮಾತ್ರ ಮರೆಯಬೇಡಿ. ಸಿಂಕಿನ ಕೆಳಗೆ ಒಂದು ಕೈಯಲ್ಲಿ ಮೊಬೈಲ್ ಹಿಡಿದು ಇನ್ನೊಂದು ಕೈಯಲ್ಲಿ ನಟ್ಟು ತಿರುಗಿಸುವ ಪಾಡು ಯಾರಿಗೂ ಬೇಡ. ಕಣ್ಣಿಗೆ ಒಂದು ಪ್ಲಾಸ್ಟಿಕ್ ಕನ್ನಡಕವೂ ಬೇಕು. ಕಾಂಕ್ರೀಟ್ ಮೊಳೆ ಹೊಡೆಯುವಾಗ ಚೂರು ಸಿಡಿದರೆ ನೇರ ಕಣ್ಣಿಗೇ ಬರುತ್ತದೆ.

ಮೂರನೇ ಹೆಜ್ಜೆ: ಖರ್ಚಾಗುವ ಸಾಮಾನು

ಉಪಕರಣ ಇದ್ದೂ ಕೆಲಸ ನಿಲ್ಲುವುದು ಇವು ಇಲ್ಲದೆ. ಟೆಫ್ಲಾನ್ ಟೇಪ್ ಎರಡು ರೋಲ್, ಇನ್ಸುಲೇಶನ್ ಟೇಪ್ ಒಂದು, ಫೆವಿಕಾಲ್, ಬಿರುಕು ಮುಚ್ಚಲು ಕಲಸಿ ಹಚ್ಚುವ ಎಂ-ಸೀಲ್, ಅರ್ಧ ಇಂಚಿನ ನಲ್ಲಿಗೆ ಹಿಡಿಸುವ ನಾಲ್ಕು ವಾಷರ್, 6 ಮತ್ತು 8 ಮಿ.ಮೀ. ಗಿಟ್ಟಿ (ಸ್ಕ್ರೂ ಹಿಡಿಯಲಿ ಅಂತ ಗೋಡೆಯ ತೂತಿಗೆ ಹಾಕುವ ಪ್ಲಾಸ್ಟಿಕ್ ಪ್ಲಗ್) ಒಂದೊಂದು ಪ್ಯಾಕೆಟ್, ಅವಕ್ಕೆ ಹೊಂದುವ ಸ್ಕ್ರೂಗಳು, ಒಂದು ಪುಟ್ಟ ಬಾಟಲಿ ಮೆಶಿನ್ ಎಣ್ಣೆ, ಒಂದು ಉಪ್ಪು ಕಾಗದ. ಮನೆಯಲ್ಲಿ ಒಂದು ಹೆಚ್ಚುವರಿ ಕನೆಕ್ಷನ್ ಪೈಪ್ ಇಟ್ಟಿರಿ. ಪೈಪ್ ಒಡೆಯುವುದು ಅಂಗಡಿ ಮುಚ್ಚಿದ ಮೇಲೆಯೇ.

ಟೆಫ್ಲಾನ್ ಟೇಪ್ ಸುತ್ತುವುದಕ್ಕೂ ಒಂದು ದಿಕ್ಕಿದೆ. ನಲ್ಲಿಯ ಥ್ರೆಡ್ ತುದಿ ನಿಮ್ಮ ಮುಖದ ಕಡೆ ಇರಲಿ. ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಎಳೆದು ಹಿಡಿದು ಎಂಟು ಹತ್ತು ಸುತ್ತು ಸುತ್ತಿ. ಹಾಗೆ ಸುತ್ತಿದರೆ ನಲ್ಲಿ ಬಿಗಿಯುತ್ತಾ ಹೋದಂತೆ ಟೇಪೂ ಬಿಗಿಯುತ್ತದೆ. ಉಲ್ಟಾ ಸುತ್ತಿದರೆ ಟೇಪು ಬಿಚ್ಚಿಕೊಂಡು ಮುದ್ದೆಯಾಗಿ ಹೊರಗೆ ಬರುತ್ತದೆ. ಕನೆಕ್ಷನ್ ಪೈಪಿನ ನಟ್ಟಿನೊಳಗೆ ರಬ್ಬರ್ ವಾಷರ್ ಇರುತ್ತದೆ, ಅಲ್ಲಿ ನೀರು ತಡೆಯುವುದು ಆ ವಾಷರೇ. ಅದು ಹರಿದಿದ್ದರೆ ಎಷ್ಟು ಟೇಪ್ ಸುತ್ತಿದರೂ ಸೋರುವುದು ನಿಲ್ಲುವುದಿಲ್ಲ.

ನಾಲ್ಕನೇ ಹೆಜ್ಜೆ: ಡ್ರಿಲ್ ಮೆಶಿನ್ ಈಗಲೇ ಬೇಕಾ?

ವರ್ಷಕ್ಕೆ ಎರಡು ತೂತು ಕೊರೆಯುವ ಮನೆಗೆ ಬೇಡ, ಅಕ್ಕಪಕ್ಕದವರ ಹತ್ತಿರ ಕೇಳಿ ತನ್ನಿ. ಸ್ವಂತ ಮನೆ, ಕರ್ಟನ್ ರಾಡು, ಶೆಲ್ಫು, ಗಡಿಯಾರ ಅಂತ ಕೆಲಸ ಬರುತ್ತಲೇ ಇದ್ದರೆ 500ರಿಂದ 600 ವ್ಯಾಟಿನ, ಹ್ಯಾಮರ್ ಮೋಡ್ (ತಿರುಗುತ್ತಲೇ ಬಿಟ್ ಗೋಡೆಗೆ ಕುಟ್ಟುವ ವ್ಯವಸ್ಥೆ) ಇರುವ, ವೈರಿನ ಡ್ರಿಲ್ ಕೊಳ್ಳಿ. ಅಪರೂಪಕ್ಕೆ ಬಳಸುವವರಿಗೆ ಬ್ಯಾಟರಿಯದಕ್ಕಿಂತ ಇದೇ ವಾಸಿ. ಸುಮ್ನೆ ಇಟ್ಟ ಬ್ಯಾಟರಿ ಬೇಕಾದಾಗ ಕೈಕೊಡುತ್ತದೆ.

ಕೊರೆಯುವ ಮುಂಚೆ ಗೋಡೆಯೊಳಗೆ ಏನು ಹೋಗಿದೆ ಯೋಚಿಸಿ. ವೈರಿನ ಪೈಪು ಸಾಮಾನ್ಯವಾಗಿ ಸ್ವಿಚ್ ಬೋರ್ಡಿನಿಂದ ನೆಟ್ಟಗೆ ಮೇಲಕ್ಕೋ ಕೆಳಕ್ಕೋ ಅಡ್ಡಕ್ಕೋ ಹೋಗಿರುತ್ತದೆ. ಬೋರ್ಡಿನ ನೇರಕ್ಕೆ, ನಲ್ಲಿ ಮತ್ತು ಶವರಿನ ನೇರಕ್ಕೆ ಯಾವತ್ತೂ ಕೊರೆಯಬೇಡಿ.

6 ಮಿ.ಮೀ. ಗಿಟ್ಟಿಗೆ 6 ಮಿ.ಮೀ. ಗೋಡೆ ಬಿಟ್. ಗಿಟ್ಟಿಯ ಉದ್ದಕ್ಕಿಂತ ಅರ್ಧ ಸೆಂ.ಮೀ. ಜಾಸ್ತಿ ಅಳೆದು ಬಿಟ್‌ಗೆ ಇನ್ಸುಲೇಶನ್ ಟೇಪ್ ಸುತ್ತಿ, ಅಲ್ಲಿಗೆ ಬಂದಾಗ ನಿಲ್ಲಿಸಿ. ಟೈಲ್ಸ್ ಇದ್ದರೆ ಗುರುತಿನ ಮೇಲೆ ಒಂದು ತುಂಡು ಟೇಪ್ ಅಂಟಿಸಿ, ಬಿಟ್ ಜಾರುವುದಿಲ್ಲ. ಟೈಲ್ಸ್ ದಾಟುವವರೆಗೆ ಹ್ಯಾಮರ್ ಮೋಡ್ ಹಾಕಬೇಡಿ, ನಿಧಾನವಾಗಿ ಕೊರೆಯಿರಿ. ಟೈಲ್ಸ್ ದಾಟಿ ಗಾರೆ ಸಿಕ್ಕಿದ ಮೇಲೆ ಹ್ಯಾಮರ್ ಹಾಕಿ. ಗಿಟ್ಟಿ ಟೈಲ್ಸಿನ ಮಟ್ಟಕ್ಕೆ ನಿಲ್ಲದೆ ಇನ್ನೂ ಒಳಗೆ ಹೋಗಬೇಕು. ಇಲ್ಲದಿದ್ದರೆ ಸ್ಕ್ರೂ ಬಿಗಿದಾಗ ಗಿಟ್ಟಿ ಅಗಲವಾಗಿ ಟೈಲ್ಸನ್ನೇ ಸೀಳುತ್ತದೆ. ಡ್ರಿಲ್ ಹಿಡಿದಾಗ ಕೈಗವಸು, ಜೋತುಬಿದ್ದ ವೇಲು, ಬಿಚ್ಚುಗೂದಲು ಬೇಡ, ತಿರುಗುವ ಬಿಟ್‌ಗೆ ಸುತ್ತಿಕೊಳ್ಳುತ್ತದೆ.

ಐದನೇ ಹೆಜ್ಜೆ: ಎರಡು ಕೆಲಸ ಮಾಡಿ ನೋಡಿ

ಪೆಟ್ಟಿಗೆ ತುಂಬಿಸಿ ಇಟ್ಟರೆ ಆಗಲಿಲ್ಲ, ಕೈ ಪಳಗಬೇಕು. ಅವಸರವಿಲ್ಲದ ದಿನ ಈ ಎರಡನ್ನು ಮಾಡಿ.

ಮೊದಲನೆಯದು, ಕೆಳಗೆ ಉಜ್ಜುವ ಬಾಗಿಲು. ಮೇಲಿನ ಕೀಲಿನ ಸ್ಕ್ರೂಗಳು ಸಡಿಲಾಗಿ, ಮರದ ತೂತು ದೊಡ್ಡದಾಗಿರುವುದೇ ಹೆಚ್ಚಾಗಿ ಕಾರಣ. ಸ್ಕ್ರೂ ತಿರುಗುತ್ತಲೇ ಇರುತ್ತದೆ, ಬಿಗಿಯುವುದಿಲ್ಲ ಅಲ್ವಾ? ಬಾಗಿಲ ಕೆಳಗೆ ಹಳೇ ಪೇಪರ್ ಮಡಿಸಿ ತುರುಕಿ, ಭಾರ ಕೀಲಿನ ಮೇಲೆ ಬೀಳದಿರಲಿ. ಒಂದೇ ಒಂದು ಸ್ಕ್ರೂ ಬಿಚ್ಚಿ. ಬೆಂಕಿಕಡ್ಡಿಗಳ ಮದ್ದಿನ ತಲೆ ಮುರಿದು, ಕಡ್ಡಿಗೆ ಫೆವಿಕಾಲ್ ಸವರಿ ತೂತಿನೊಳಗೆ ತುಂಬಿ. ಎರಡೋ ಮೂರೋ ಹಿಡಿಸುತ್ತದೆ, ಇನ್ನೊಂದು ಹೋಗದಷ್ಟು ಬಿಗಿಯಾಗಲಿ. ಹೊರಗೆ ಉಳಿದದ್ದನ್ನು ಕಟರ್‌ನಿಂದ ಕತ್ತರಿಸಿ. ರಾತ್ರಿಯಿಡೀ ಒಣಗಲು ಬಿಟ್ಟು ಬೆಳಿಗ್ಗೆ ಅದೇ ಸ್ಕ್ರೂ ಹಾಕಿ. ಮರ ಸ್ಕ್ರೂವನ್ನು ಕಚ್ಚಿಕೊಳ್ಳುವುದು ಕೈಗೆ ಗೊತ್ತಾಗುತ್ತದೆ. ಆಮೇಲೆ ಮುಂದಿನ ಸ್ಕ್ರೂ. ನಮ್ಮ ಮನೆಯ ಬಚ್ಚಲ ಬಾಗಿಲಿಗೆ ಹೀಗೆ ಮಾಡಿ ನಾಲ್ಕು ವರ್ಷವಾಯಿತು, ಇನ್ನೂ ಅಲುಗಿಲ್ಲ.

ಎರಡನೆಯದು, ತೊಟ್ಟಿಕ್ಕುವ ನಲ್ಲಿ. ಹಲವು ಸುತ್ತು ತಿರುಗಿಸುವ ಹಳೇ ಕಾಲದ ನಲ್ಲಿಯಾದರೆ ಒಳಗೆ ಸ್ಪಿಂಡಲ್ (ಹಿಡಿಯ ಜೊತೆ ತಿರುಗಿ ನೀರು ಬಿಡುವ, ನಿಲ್ಲಿಸುವ ಭಾಗ), ಅದರ ತುದಿಗೆ ರಬ್ಬರ್ ವಾಷರ್ ಇರುತ್ತದೆ. ಆ ಲೈನಿನ ವಾಲ್ವ್ ನಿಲ್ಲಿಸಿ, ನಲ್ಲಿ ತೆರೆದು ಉಳಿದ ನೀರು ಹೋಗಲು ಬಿಡಿ. ಸಿಂಕಿನ ತೂತಿಗೆ ಬಟ್ಟೆ ತುರುಕಿ, ಇಲ್ಲದಿದ್ದರೆ ಪುಟ್ಟ ಸ್ಕ್ರೂ ಬಿದ್ದು ಹೋಗುತ್ತದೆ. ಹಿಡಿಯ ಮೇಲಿನ ಮುಚ್ಚಳ ತೆಗೆದು ಸ್ಕ್ರೂ ಬಿಚ್ಚಿ, ಹಿಡಿಯನ್ನು ಮೇಲಕ್ಕೆ ಎಳೆಯಿರಿ. ಸ್ಪಿಂಡಲಿನ ನಟ್ಟಿಗೆ ಬಟ್ಟೆ ಸುತ್ತಿ ಸ್ಕ್ರೂ ಸ್ಪ್ಯಾನರ್ ಹಾಕಿದರೆ ಹೊಳಪು ಕೆರೆಯುವುದಿಲ್ಲ. ನಲ್ಲಿಯ ಮೈಯನ್ನು ಇನ್ನೊಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡೇ ನಟ್ಟನ್ನು ಎಡಕ್ಕೆ ತಿರುಗಿಸಿ. ಗೋಡೆಯೊಳಗಿನ ಪೈಪಿನ ಮೇಲೆ ಬಲ ಬಿದ್ದರೆ ಸಣ್ಣ ಕೆಲಸ ದೊಡ್ಡದಾಗುತ್ತದೆ. ಸ್ಪಿಂಡಲ್ ಹೊರಗೆ ಬಂದ ಮೇಲೆ ವಾಷರ್ ನೋಡಿ, ನಡುವೆ ಉಂಗುರದ ಹಾಗೆ ಗುಳಿ ಬಿದ್ದಿರುತ್ತದೆ. ಅದನ್ನು ಬದಲಿಸಿ, ಒಳಗಿನ ಮರಳು ತೊಳೆದು ಮತ್ತೆ ಜೋಡಿಸಿ. ವಾಲ್ವನ್ನು ನಿಧಾನವಾಗಿ ತೆರೆಯಿರಿ.

ಕಾಲು ಸುತ್ತಿಗೇ ತೆರೆದುಕೊಳ್ಳುವ ಹೊಸ ನಲ್ಲಿಯಲ್ಲಿ ಸೆರಾಮಿಕ್ ತಟ್ಟೆಯ ಸ್ಪಿಂಡಲ್ ಇರುತ್ತದೆ, ಪೂರ್ತಿ ಬದಲಿಸಬೇಕು. ಹಿಡಿ ಕೂರುವ ಹಲ್ಲುಗಳ ಲೆಕ್ಕ ಒಂದೊಂದು ಕಂಪನಿಯದು ಒಂದೊಂದು ಥರ. ಹಳೆಯದನ್ನು ಜೇಬಿನಲ್ಲಿ ಹಾಕಿಕೊಂಡೇ ಅಂಗಡಿಗೆ ಹೋಗಿ.

ಕೈ ಹಾಕಬಾರದ ಕೆಲಸಗಳು

ಎಂಸಿಬಿ ಬಾಕ್ಸಿನ ಒಳಗಿನ ವೈರಿಂಗ್, ಗೀಸರ್ ಬಿಚ್ಚುವುದು, ಮೈಕ್ರೋವೇವ್, ಅರ್ಥಿಂಗ್ ಇವು ಬಲ್ಲ ಎಲೆಕ್ಟ್ರಿಷಿಯನ್ನರಿಗೇ ಇರಲಿ. ಮೈಕ್ರೋವೇವ್ ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ಜೀವ ತೆಗೆಯುವಷ್ಟು ಚಾರ್ಜ್ ಉಳಿದಿರಬಹುದು. ಗ್ಯಾಸ್ ವಾಸನೆ ಬಂದರೆ ಪೆಟ್ಟಿಗೆ ತೆರೆಯಲೇಬೇಡಿ. ಸಾಧ್ಯವಾದರೆ ರೆಗ್ಯುಲೇಟರ್ ಆಫ್ ಮಾಡಿ, ಕಿಟಕಿ ಬಾಗಿಲು ತೆರೆಯಿರಿ, ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂ ಬೇಡಿ. ಮನೆಯವರೆಲ್ಲ ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಪೆಟ್ಟಿಗೆ ಮತ್ತು ಅದರ ಜಾಗ

16 ಇಂಚಿನ ಪ್ಲಾಸ್ಟಿಕ್ ಟೂಲ್ ಬಾಕ್ಸ್ ಸಾಕು. ದಪ್ಪ ಕ್ಯಾನ್ವಾಸ್ ಚೀಲವಾದರೂ ಸರಿ. ಸ್ಕ್ರೂ, ಗಿಟ್ಟಿ, ವಾಷರ್‌ಗಳಿಗೆ ಒಳಗಿರುವುದು ಕಾಣುವ ಪುಟ್ಟ ಡಬ್ಬಿಗಳು ಇರಲಿ. ಅಟ್ಟದ ಮೇಲೆ ಇಡಬೇಡಿ, ಏಣಿ ಹಾಕಿ ಇಳಿಸಬೇಕು ಅಂದರೆ ಯಾರೂ ಇಳಿಸುವುದಿಲ್ಲ. ಮಕ್ಕಳ ಕೈಗೆ ಸಿಗದ, ದೊಡ್ಡವರ ಕೈಗೆ ಎಟುಕುವ, ಒಣಗಿರುವ ಜಾಗ ನೋಡಿ. ಕರಾವಳಿ, ಮಲೆನಾಡಿನವರಿಗೆ ಮಳೆಗಾಲದ ತುಕ್ಕಿನ ಕಾಟ ಜಾಸ್ತಿ. ಹೊಸ ಶೂ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಎಸೆಯದೆ ಪೆಟ್ಟಿಗೆಯೊಳಗೆ ಹಾಕಿ. ಒದ್ದೆ ಜಾಗದಲ್ಲಿ ಕೆಲಸ ಮಾಡಿದ ಮೇಲೆ ಸ್ಪ್ಯಾನರ್ ಒರೆಸಿಯೇ ಒಳಗಿಡಿ.

ನಮ್ಮ ಮನೆಯಲ್ಲಿ ಆಯುಧಪೂಜೆಯ ಹಿಂದಿನ ದಿನ ಪೆಟ್ಟಿಗೆಯನ್ನು ಪೂರ್ತಿ ಖಾಲಿ ಮಾಡುತ್ತೇವೆ. ತುಕ್ಕು ಕಂಡಲ್ಲಿ ಉಪ್ಪು ಕಾಗದ ಉಜ್ಜಿ, ಬಟ್ಟೆಗೆ ಎರಡು ಹನಿ ಮೆಶಿನ್ ಎಣ್ಣೆ ಹಾಕಿ ಒಂದೊಂದನ್ನೇ ಒರೆಸುತ್ತೇವೆ. ಸ್ಪ್ಯಾನರಿನ ತಿರುಪಿಗೆ, ಪ್ಲೇಯರಿನ ಕೀಲಿಗೆ ಒಂದೊಂದು ಹನಿ. ಗಟ್ಟಿಯಾದ ಎಂ-ಸೀಲ್, ಹಿಡಿ ಬಿರುಕುಬಿಟ್ಟ ಟೆಸ್ಟರ್ ಕಸಕ್ಕೆ ಹೋಗುತ್ತದೆ, ಮುಗಿದ ಟೆಫ್ಲಾನ್ ಟೇಪ್ ಪಟ್ಟಿಗೆ ಬರುತ್ತದೆ. ಅದೇ ದಿನ ಟೆರೇಸಿಗೆ ಹೋಗಿ ಎಲ್ಲ ವಾಲ್ವ್‌ಗಳನ್ನೂ ಒಂದು ಸಲ ತಿರುಗಿಸಿ ಬರುತ್ತೇನೆ. ಮರುದಿನ ಪೂಜೆಗೆ ಇಡುವಾಗ ಕುಂಕುಮವನ್ನು ಹಿಡಿಗೆ ಹಚ್ಚುತ್ತೇವೆ, ಸ್ಪ್ಯಾನರಿನ ಬಾಯಿಗೆ ಅಲ್ಲ.